ಬೆನ್ನು ತಿರುಗಿಸಿ ನಿಂತ ಸಾವು

ಯುರೋಪಿನ ಚಿತ್ರಕಾರರು ಸಾವನ್ನು ಬಹುಕಾಲ ಅಸ್ಥಿಪಂಜರವಾಗಿ ಬರೆದರು. 1538ರಲ್ಲಿ ಅಚ್ಚಾದ ಹಾನ್ಸ್ ಹೊಲ್ಬೈನ್‌ನ ‘ಸಾವಿನ ಕುಣಿತ’ದ ಚಿತ್ರಗಳಲ್ಲಿ ಅದು ರಾಜನ ಊಟದ ಮೇಜಿಗೂ ಬರುತ್ತದೆ, ರೈತನ ನೇಗಿಲ ಬಳಿಗೂ ಬರುತ್ತದೆ. ನೋಡುವವನನ್ನು ಹೆದರಿಸಿ ಎಚ್ಚರಿಸುವುದೇ ಅದರ ಉದ್ದೇಶ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿಗೆ ಇಂಥ ಎಚ್ಚರಿಕೆ ಬೇಕಿರಲಿಲ್ಲ. ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 150 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಸಾವು ಮನೆಮನೆಗೂ ಪರಿಚಿತ, ಬೇಕಾಗಿದ್ದುದು ಸಾಂತ್ವನ. ಜಾರ್ಜ್ ಫ್ರೆಡರಿಕ್ ವಾಟ್ಸ್ (1817–1904) ಎಂಬ ಕಲಾವಿದ ಅಸ್ಥಿಪಂಜರವನ್ನು ಕೈಬಿಟ್ಟದ್ದು ಈ ಹಿನ್ನೆಲೆಯಲ್ಲಿ.

ಲೋಥಿಯನ್ ಮನೆತನದ ತರುಣ ಶ್ರೀಮಂತನೊಬ್ಬನ ಭಾವಚಿತ್ರವನ್ನು ವಾಟ್ಸ್ ಬರೆಯುತ್ತಿದ್ದ. ಆತ ವಾಸಿಯಾಗದ ರೋಗದಿಂದ ದಿನದಿನಕ್ಕೆ ಕ್ಷೀಣಿಸಿ 1870ರಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಣ, ಅಂತಸ್ತು, ಮನೆಯವರ ಪ್ರೀತಿ ಯಾವುದೂ ಅವನನ್ನು ಉಳಿಸಿಕೊಳ್ಳಲಿಲ್ಲ. ಈ ಅನುಭವದಿಂದ ಹುಟ್ಟಿದ್ದು ‘ಪ್ರೇಮ ಮತ್ತು ಮೃತ್ಯು’. 1877ರಲ್ಲಿ ಲಂಡನ್ನಿನ ಗ್ರೋವ್ನರ್ ಗ್ಯಾಲರಿ ಆರಂಭವಾದಾಗ ಅದು ಅಲ್ಲಿ ಪ್ರದರ್ಶನಗೊಂಡಿತು.

ಚಿತ್ರದಲ್ಲಿ ಮೃತ್ಯು ಬಿಳಿವಸ್ತ್ರ ಹೊದ್ದ ಬೃಹದಾಕೃತಿ. ನಮಗೆ ಕಾಣುವುದು ಬೆನ್ನು ಮಾತ್ರ, ಮುಖವಿಲ್ಲ. ರೆಕ್ಕೆಯುಳ್ಳ ಪುಟ್ಟ ಹುಡುಗ, ಅಂದರೆ ಪ್ರೇಮ, ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಅವನ ರೆಕ್ಕೆ ಮುದುಡಿದೆ, ಗುಲಾಬಿಗಳು ಉದುರಿವೆ. ಮೃತ್ಯುವಿನಲ್ಲಿ ಕ್ರೌರ್ಯವಿಲ್ಲ, ಆತುರವೂ ಇಲ್ಲ. ಆದರೆ ಅದು ನಿಲ್ಲುವುದಿಲ್ಲ.

ವಾಟ್ಸ್‌ನ ‘ಮೃತ್ಯುವಿನ ಆಸ್ಥಾನ’ದಲ್ಲಿ ಸಾವು ಸಿಂಹಾಸನವೇರಿದ ದೇವದೂತಿ; ಮಡಿಲಲ್ಲಿ ಹಸುಗೂಸು. ಎದುರಿಗೆ ಸೈನಿಕ ಖಡ್ಗವನ್ನೂ ಕುಲೀನ ಕಿರೀಟವನ್ನೂ ಒಪ್ಪಿಸುತ್ತಾರೆ. ದಿಕ್ಕಿಲ್ಲದ ಬಡವರ ಸ್ಮಶಾನದ ಪ್ರಾರ್ಥನಾಮಂದಿರಕ್ಕೆಂದು ಅವನು ಇದನ್ನು ಮೊದಲು ಯೋಚಿಸಿದ್ದ. ಅದೀಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಹೀಗೆ ಸಾವಿನ ಭೀಕರತೆಯನ್ನು ವಾಟ್ಸ್ ಕಳೆದ. ಅದರ ಬಲವನ್ನು ಮಾತ್ರ ಕಡಿಮೆ ಮಾಡಲಿಲ್ಲ. ಪ್ರೇಮ ಗೆದ್ದಂತೆ ಬರೆದಿದ್ದರೆ ಮಕ್ಕಳನ್ನು ಕಳೆದುಕೊಂಡವರು ಆ ಚಿತ್ರವನ್ನು ನಂಬುತ್ತಿರಲಿಲ್ಲ. ಸೋಲು ಖಚಿತವಿದ್ದರೂ ಹುಡುಗ ಬಾಗಿಲು ಬಿಟ್ಟು ಕದಲುವುದಿಲ್ಲ ಎಂಬುದೇ ಅದು ಕೊಡುವ ಸಮಾಧಾನ.

ಅಂಥವರನ್ನು ವಾಟ್ಸ್ ನಿಜಜೀವನದಲ್ಲೂ ಗುರುತಿಸಿದ. 1885ರಲ್ಲಿ ಉರಿಯುವ ಮನೆಯ ಕಿಟಕಿಯಿಂದ ಮಕ್ಕಳನ್ನು ಕೆಳಗಿನ ಹಾಸಿಗೆಯ ಮೇಲೆ ಹಾಕಿದ ಅಲಿಸ್ ಏರ್ಸ್ ತಾನು ಉಳಿಯಲಿಲ್ಲ. ಪರರಿಗಾಗಿ ಪ್ರಾಣ ಕೊಟ್ಟ ಇಂಥ ಸಾಮಾನ್ಯರಿಗೆಂದು ಅವನು ಆಗ್ರಹಪಟ್ಟು ಮಾಡಿಸಿದ ಸ್ಮಾರಕ 1900ರಲ್ಲಿ ಲಂಡನ್ನಿನ ಪೋಸ್ಟ್‌ಮನ್ಸ್ ಪಾರ್ಕ್‌ನಲ್ಲಿ ಅನಾವರಣಗೊಂಡಿತು. ಅಲ್ಲಿನ ಫಲಕಗಳಲ್ಲಿ ಅವಳ ಹೆಸರೂ ಇದೆ.