ಪದವಿ ಪೆಟ್ಟಿಗೆಯಲ್ಲಿ, ಕೂಸು ಕಂಕುಳಲ್ಲಿ



ಪರ್ತ್ ನಗರದಿಂದ ಅಡಿಲೇಡಿಗೆ ವೈದ್ಯನೊಬ್ಬನನ್ನು ಉಪನ್ಯಾಸಕ್ಕೆಂದು ಕರೆಸಿದ್ದೀರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ನಾಲ್ಕು ಮಾತು ಹೇಳಿಯಾನೆಂದು ತಾವು ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ಇಂದು ನಾನು ಆರಿಸಿಕೊಂಡಿರುವುದು ಇತಿಹಾಸದ ಒಂದು ಪುಟವನ್ನು. ಅದಕ್ಕೆ ಕಾರಣ ನನ್ನ ಚಿಕಿತ್ಸಾಲಯದ ಒಂದು ಅರ್ಜಿ. ಹೊಸ ರೋಗಿಗಳು ತುಂಬಬೇಕಾದ ಆ ಹಾಳೆಯಲ್ಲಿ ‘ಉದ್ಯೋಗ’ ಎಂಬ ಸಾಲಿನ ಬಳಿ ಬಂದೊಡನೆ ನಮ್ಮ ಕಡೆಯ ಹೆಣ್ಣುಮಕ್ಕಳ ಲೇಖನಿ ತಡೆದು ನಿಲ್ಲುವುದನ್ನು ಅನೇಕ ಬಾರಿ ಕಂಡಿದ್ದೇನೆ. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ಒಬ್ಬ ತಾಯಿ, “ಏನೂ ಇಲ್ಲ ಡಾಕ್ಟರೇ, ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಅಷ್ಟೇ” ಎಂದರು. ಅವರದೇ ಮಕ್ಕಳಿರಬೇಕೆಂದು ತಿಳಿದೆ. ಅಲ್ಲ; ನೆರೆಹೊರೆಯ ಮಕ್ಕಳು, ವಾರಕ್ಕೆ ಐದು ದಿನ, ಬೆಳಗಿನಿಂದ ಸಂಜೆಯವರೆಗೆ. ಆ ‘ಏನೂ ಇಲ್ಲ’ ಎಂಬ ಮಾತು ಎಲ್ಲಿಂದ ಬಂದಿತು ಎಂದು ಹುಡುಕುತ್ತಾ ಹೋದಾಗ ದೊರೆತದ್ದನ್ನು ತಮ್ಮ ಮುಂದಿಡುತ್ತೇನೆ.

ಮೊದಲು ‘ಆಯಾ’ ಎಂಬ ಪದವನ್ನೇ ನೋಡೋಣ. ನಮ್ಮ ಊರುಗಳ ಶಾಲೆ, ಆಸ್ಪತ್ರೆಗಳಲ್ಲಿ ಆಯಾ ಎಂದರೆ ತೀರ ಕೆಳಮೆಟ್ಟಿಲಿನ ಕೆಲಸದಾಕೆ. ಆದರೆ ಈ ಪದ ನಮಗೆ ಬಂದದ್ದು ಪೋರ್ಚುಗೀಸರಿಂದ. ಅವರ ಭಾಷೆಯಲ್ಲಿ ಆಕೆ ದೊಡ್ಡ ಮನೆತನದ ಮಕ್ಕಳ ಪಾಲನೆಯ ಜೊತೆಗೆ ಅವರ ಶಿಕ್ಷಣದ ಹೊಣೆಯನ್ನೂ ಹೊತ್ತವಳು. ಅದೇ ಪದದ ಪುಲ್ಲಿಂಗ ರೂಪಕ್ಕೆ ಉಪಾಧ್ಯಾಯ ಎಂದೇ ಅರ್ಥ. ಹಡಗೇರಿ ಭಾರತಕ್ಕೆ ಬಂದು ಇಂಗ್ಲಿಷರ ಬಂಗಲೆಗಳನ್ನು ಹೊಕ್ಕ ಮೇಲೆ ಆ ಪದ ಪಾಠ ಹೇಳುವ ತನ್ನ ಅರ್ಧವನ್ನು ಕಳೆದುಕೊಂಡಿತು. ದೊರೆಗಳ ಮಕ್ಕಳನ್ನು ಎತ್ತಿಕೊಂಡು ಸಮುದ್ರ ದಾಟಿದ ನಮ್ಮ ಆಯಾಗಳನ್ನು ಲಂಡನ್ನಿನಲ್ಲಿ ಕೈಬಿಟ್ಟು ಹೋದದ್ದೂ ಉಂಟು. ಅಂಥವರಿಗಾಗಿ ಹ್ಯಾಕ್ನಿಯಲ್ಲಿ ಒಂದು ಆಶ್ರಯಧಾಮ ನಡೆಯುತ್ತಿತ್ತು. ಆ ಕಟ್ಟಡಕ್ಕೆ 2022ರಲ್ಲಿ ಸ್ಮಾರಕ ಫಲಕವನ್ನು ಹಾಕಲಾಯಿತು.

ಸಮುದ್ರ ದಾಟುವಾಗ ಪದ ತನ್ನ ಪದವಿಯನ್ನು ಕಳೆದುಕೊಂಡಂತೆ ಮನುಷ್ಯರೂ ಕಳೆದುಕೊಳ್ಳುತ್ತಾರೆ. ಈ ದೇಶದಲ್ಲಿ ಅದು ಸರ್ಕಾರದ ಕ್ರಮವಾಗಿಯೇ ನಡೆದದ್ದು ಎರಡನೆಯ ಮಹಾಯುದ್ಧದ ನಂತರ. 1947ರ ನವೆಂಬರ್ 28ರಂದು ‘ಜನರಲ್ ಸ್ಟೂವರ್ಟ್ ಹೈಂಟ್ಸೆಲ್ಮನ್’ ಎಂಬ ಹಡಗು ನಮ್ಮ ಪರ್ತ್ ಬಳಿಯ ಫ್ರೀಮ್ಯಾಂಟಲ್ ಬಂದರಿಗೆ ಬಂದಿತು. ಅದರಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಿಂದ ನೆಲೆ ತಪ್ಪಿದ 800ಕ್ಕೂ ಹೆಚ್ಚು ಯುವಜನರಿದ್ದರು. ವಲಸೆ ಸಚಿವ ಆರ್ಥರ್ ಕಾಲ್ವೆಲ್ ಅದೇ ವರ್ಷ ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದದ ಮೊದಲ ಫಲವದು. 1952ರ ಹೊತ್ತಿಗೆ ಹೀಗೆ ಬಂದವರ ಸಂಖ್ಯೆ ಸುಮಾರು 1,70,000. ಪರ್ತ್ ಸಮೀಪದ ನಾರ್ಥಮ್, ಅಡಿಲೇಡ್ ಬೆಟ್ಟಗಳ ವುಡ್‌ಸೈಡ್, ಬ್ರಿಸ್ಬೇನಿನ ವೇಕಾಲ್ ಮೊದಲಾದ ಕಡೆಗಳ ಶಿಬಿರಗಳು ಇವರಿಂದ ತುಂಬಿದವು.

ಇವರು ಬಂದೊಡನೆ ಎರಡು ವರ್ಷ ಸರ್ಕಾರ ಹೇಳಿದ ಕೆಲಸವನ್ನು ಹೇಳಿದ ಸ್ಥಳದಲ್ಲಿ ಮಾಡಬೇಕಿತ್ತು. ಅದಕ್ಕೆಂದು ಇದ್ದ ವರ್ಗಗಳು ಎರಡೇ ಎರಡು. ಗಂಡಸಾದರೆ ‘ಕೂಲಿಯಾಳು’, ಹೆಂಗಸಾದರೆ ‘ಮನೆಗೆಲಸದವಳು’. ವಕೀಲನೇ ಆಗಲಿ, ಪಿಯಾನೋ ವಿದುಷಿಯೇ ಆಗಲಿ, ದಂತವೈದ್ಯೆಯೇ ಆಗಲಿ, ಕಾಗದದ ಮೇಲೆ ಬರೆದದ್ದು ಇವೆರಡರಲ್ಲಿ ಒಂದನ್ನು. ವೈದ್ಯರು ಆಸ್ಪತ್ರೆಗಳಲ್ಲಿ ನೆಲ ಒರೆಸಿದರು, ರೋಗಿಗಳ ಮಂಚ ತಳ್ಳಿದರು. ಇವರ ಕಥೆಯನ್ನು ಈಗಾನ್ ಕುಂಜ್ ಎಂಬ ಸಂಶೋಧಕರು 1975ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಅತಿಕ್ರಮಿಗಳು’. ಇದರಲ್ಲೊಂದು ವಿಪರ್ಯಾಸವುಂಟು. ಸಿಡ್ನಿಯಲ್ಲೋ ಬ್ರಿಸ್ಬೇನಿನಲ್ಲೋ ರೋಗಿಯನ್ನು ಮುಟ್ಟಲು ಅರ್ಹರಲ್ಲವೆಂದು ಎಣಿಸಲಾದ ಕೆಲವು ವೈದ್ಯರನ್ನು ಆಗ ಆಸ್ಟ್ರೇಲಿಯಾದ ಆಡಳಿತದಲ್ಲಿದ್ದ ಪಾಪುವಾ ನ್ಯೂಗಿನಿಗೆ ವೈದ್ಯರೆಂದೇ ಕಳುಹಿಸಲಾಯಿತು. ಯಾರ ದೇಹಕ್ಕೆ ಎಂಥ ಪದವಿ ಸಾಕು ಎಂಬ ಲೆಕ್ಕ ಅದರಲ್ಲಿ ಅಡಗಿತ್ತು.

ನಮ್ಮವರು ಬಂದದ್ದು ಬೇರೆ ಬಾಗಿಲಿನಿಂದ. 1901ರ ವಲಸೆ ನಿರ್ಬಂಧ ಕಾಯಿದೆಯ ದೆಸೆಯಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಮ್ಮಂಥವರು ಇಲ್ಲಿ ನೆಲೆಸುವುದು ದುಸ್ಸಾಧ್ಯವಾಗಿತ್ತು. 1966ರ ಮಾರ್ಚಿಯಲ್ಲಿ ಹೆರಾಲ್ಡ್ ಹೋಲ್ಟ್ ಸರ್ಕಾರ ಆ ಬಾಗಿಲನ್ನು ಸ್ವಲ್ಪ ಸರಿಸಿದಾಗ ಒಳಗೆ ಬರಲು ಅಗತ್ಯವಾದದ್ದು ಒಳ್ಳೆಯ ವಿದ್ಯಾರ್ಹತೆ. 1973ರಲ್ಲಿ ವಿಟ್ಲಮ್ ಸರ್ಕಾರ ವರ್ಣಭೇದವನ್ನು ನೀತಿಯಿಂದಲೇ ತೆಗೆದುಹಾಕಿತು. ಆಮೇಲೆ ಅಂಕಗಳ ಪದ್ಧತಿ ಬಂದಿತು. ಅಂದರೆ ಬಾಲ್ಟಿಕ್ ನಿರಾಶ್ರಿತರನ್ನು ಅವರ ಪದವಿಯನ್ನು ಲೆಕ್ಕಿಸದೆ ಕರೆತಂದರೆ, ನಮ್ಮನ್ನು ಪದವಿಗಾಗಿಯೇ ಕರೆದರು. ಆದರೆ ಅಂಕ ಎಣಿಸಿದ್ದು ಮುಖ್ಯ ಅರ್ಜಿದಾರರದು. ಜೊತೆಗೆ ಬಂದ ಮಡದಿಯ ಎಂ.ಎಸ್‌ಸಿ., ಎಂ.ಬಿ.ಬಿ.ಎಸ್.ಗಳು ಪೆಟ್ಟಿಗೆಯಲ್ಲೇ ಉಳಿದವು.

ಪದವಿಗಳನ್ನು ಇಲ್ಲಿ ಗುರುತಿಸುವ ವ್ಯವಸ್ಥೆ ಇರಲಿಲ್ಲವೆಂದಲ್ಲ. 1969ರಲ್ಲಿ ಅದಕ್ಕೊಂದು ಸಮಿತಿಯಾಯಿತು, 1989ರಲ್ಲಿ ಅದರ ಬದಲಿಗೆ ರಾಷ್ಟ್ರೀಯ ಕಚೇರಿಯಾಯಿತು. ವೈದ್ಯರಿಗೆ ಪರೀಕ್ಷೆ ನಡೆಸುವ ಆಸ್ಟ್ರೇಲಿಯನ್ ಮೆಡಿಕಲ್ ಕೌನ್ಸಿಲ್ 1985ರಿಂದ ಇದೆ. 1992ರಲ್ಲಿ ಈ ಪರೀಕ್ಷೆಗೊಂದು ಮಿತಿ ಹಾಕಿ, ಲಿಖಿತ ಭಾಗದಲ್ಲಿ ಎಷ್ಟೇ ಜನ ತೇರ್ಗಡೆಯಾದರೂ ವರ್ಷಕ್ಕೆ ಸುಮಾರು 200 ಮಂದಿ ಮಾತ್ರ ಮುಂದೆ ಹೋಗಬಹುದೆಂದರು. ಭಾರತದಲ್ಲಿ ಕಲಿತ ವೈದ್ಯರೊಬ್ಬರ ದೂರಿನ ಮೇರೆಗೆ ಮಾನವ ಹಕ್ಕುಗಳ ಆಯೋಗ 1995ರಲ್ಲಿ ಇದು ತಾರತಮ್ಯವೆಂದು ತೀರ್ಮಾನಿಸಿತು. 1996ರಲ್ಲಿ ಫೆಡರಲ್ ನ್ಯಾಯಾಲಯ ಆ ತೀರ್ಮಾನವನ್ನು ತಳ್ಳಿಹಾಕಿತು. ಆ ಮಿತಿಯೇನೋ ಹೋಯಿತು. ಆದರೆ ಪರೀಕ್ಷೆಯ ಶುಲ್ಕ, ಓದಲು ಬೇಕಾದ ತಿಂಗಳುಗಳು, ತೇರ್ಗಡೆಯಾದ ಮೇಲೂ ದೊರೆಯದ ಆಸ್ಪತ್ರೆಯ ಹುದ್ದೆ, ಇವು ಹೋಗಲಿಲ್ಲ.

ಇಬ್ಬರೂ ವೈದ್ಯರಾಗಿರುವ ಮನೆಯಲ್ಲಿ ಆಗ ಏಳುವ ಪ್ರಶ್ನೆ ಒಂದೇ: ಮೊದಲು ಓದುವವರು ಯಾರು? ಉತ್ತರ ಏನೆಂಬುದು ಈ ಸಭೆಯಲ್ಲಿ ಕುಳಿತವರಿಗೆ ಗೊತ್ತು. ಈ ಮಾತನ್ನು ನಾನು ಹೊರಗೆ ನಿಂತು ಆಡುತ್ತಿಲ್ಲ. ಪರದೇಶದ ಆಸ್ಪತ್ರೆಯೊಂದರಲ್ಲಿ ನಾನು ರೆಸಿಡೆನ್ಸಿ ಮಾಡುತ್ತಿದ್ದ ಕಾಲದಲ್ಲಿ ಎಂ.ಎಸ್‌ಸಿ. ಪದವೀಧರೆಯಾದ ನನ್ನ ಶ್ರೀಮತಿಯವರು ಎರಡು ಮನೆಗಳ ಕೂಸುಗಳನ್ನು ನೋಡಿಕೊಂಡು ನಮ್ಮ ಬಾಡಿಗೆಯ ಅರ್ಧವನ್ನು ತುಂಬುತ್ತಿದ್ದರು. ಊರಿಗೆ ಬರೆದ ಯಾವ ಕಾಗದದಲ್ಲೂ ನಾನು ಅದನ್ನು ತಿಳಿಸಲಿಲ್ಲ. ಮಾವನವರು ಕೇಳಿದರೆ “ಇನ್ನೂ ಹುಡುಕುತ್ತಿದ್ದಾಳೆ” ಎನ್ನುತ್ತಿದ್ದೆ. ಆಕೆಗೆ ಆ ಕೆಲಸದಿಂದ ನಾಚಿಕೆಯಾಗಿರಲಿಲ್ಲ, ನಾಚಿಕೆಯಾದದ್ದು ನನಗೆ. ಅದು ನನ್ನ ತಪ್ಪೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಎಲ್ಲ ಕೆಲಸಗಳನ್ನೂ ಬಿಟ್ಟು ಇದನ್ನೇ ಏಕೆ ಆರಿಸಿಕೊಳ್ಳುತ್ತಾರೆ? ಹಳೆಯ ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ತರಿಸಬೇಕಿಲ್ಲ. ಸ್ವಂತ ಮಗುವನ್ನು ಬೇರೆಡೆ ಬಿಟ್ಟು ಹಣ ತೆರಬೇಕಿಲ್ಲ. ಆದರೆ ಯಾರು ಬೇಕಾದರೂ ಮಾಡುವ ಕೆಲಸವಿದೆಂದು ತಿಳಿದವರು ನಿಯಮಗಳನ್ನು ಓದಬೇಕು. 2012ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಕಾನೂನಿನಂತೆ ಮನೆಯಲ್ಲಿ ನಡೆಸುವ ‘ಫ್ಯಾಮಿಲಿ ಡೇ ಕೇರ್’ನಲ್ಲಿ ಒಬ್ಬರು ಏಳು ಮಕ್ಕಳನ್ನು ಮಾತ್ರ ನೋಡಿಕೊಳ್ಳಬಹುದು; ಅವರಲ್ಲಿ ಇನ್ನೂ ಶಾಲೆಗೆ ಸೇರದವರು ನಾಲ್ಕಕ್ಕಿಂತ ಹೆಚ್ಚಿರಬಾರದು. ಮನೆಯಲ್ಲಿ ಬೇರೆ ಹಿರಿಯರಿಲ್ಲದಿದ್ದರೆ 13 ವರ್ಷದೊಳಗಿನ ಸ್ವಂತ ಮಕ್ಕಳೂ ಆ ಲೆಕ್ಕಕ್ಕೆ ಸೇರುತ್ತಾರೆ. ಶಿಶುಶಿಕ್ಷಣದ ಪ್ರಮಾಣಪತ್ರ, ಪ್ರಥಮ ಚಿಕಿತ್ಸೆ, ಅಸ್ತಮಾ ಮತ್ತು ತೀವ್ರ ಅಲರ್ಜಿಯ ತರಬೇತಿ ಎಲ್ಲವೂ ಬೇಕು. ಇಲ್ಲಿ ನೋಂದಣಿಯಾಗದ ಎಂ.ಬಿ.ಬಿ.ಎಸ್. ಪದವೀಧರೆ ಅಡ್ರಿನಲಿನ್ ಚುಚ್ಚುಮದ್ದನ್ನು ತೊಡೆಗೆ ಹೇಗೆ ಕೊಡಬೇಕೆಂದು ಬೊಂಬೆಯ ಮೇಲೆ ಕಲಿತು ಪ್ರಮಾಣಪತ್ರ ಪಡೆಯುತ್ತಾರೆ. ನಗು ಬಂದರೂ ನಿಯಮ ಸರಿಯೇ.

ತಮ್ಮ ಈ ಅಡಿಲೇಡ್ ನಗರವೇ ಈ ವಿದ್ಯೆಗೆ ಬಹು ಹಿಂದೆಯೇ ಗೌರವ ಕೊಟ್ಟ ಊರು. 1905ರಲ್ಲಿ ಸಿಡ್ನಿಯಿಂದ ಇಲ್ಲಿಗೆ ಬಂದ ಲಿಲಿಯನ್ ಡಿ ಲಿಸ್ಸಾ ಎಂಬ ತರುಣಿ ಬಡಮಕ್ಕಳಿಗಾಗಿ ಉಚಿತ ಶಿಶುವಿಹಾರ ನಡೆಸಿ, 1907ರಲ್ಲಿ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. 1914ರಲ್ಲಿ ರೋಮಿಗೆ ಹೋಗಿ ಮಾರಿಯಾ ಮಾಂಟೆಸೊರಿಯವರಲ್ಲಿ ಕಲಿತರು. ಗೌರವ ಬಂದರೂ ಸಂಬಳ ಅದರ ಹಿಂದೆ ಬರಲಿಲ್ಲ. ನಮ್ಮ ನಾಡಿನಲ್ಲೂ ಇದೇ ಕಥೆ. 1975ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಆರಂಭವಾದ ಅಂಗನವಾಡಿಗಳ ಕಾರ್ಯಕರ್ತೆಯರಿಗೆ ಇಂದಿಗೂ ಸಿಗುವುದು ವೇತನವಲ್ಲ, ಗೌರವಧನ! ಇಲ್ಲಿ ಶಿಶುಪಾಲನಾ ಕೇಂದ್ರಗಳ ನೌಕರರು ಸಮಾನ ವೇತನಕ್ಕಾಗಿ ಹೂಡಿದ್ದ ದಾವೆ 2018ರಲ್ಲಿ ಬಿದ್ದುಹೋಯಿತು. ಕೊನೆಗೆ 2024ರ ಡಿಸೆಂಬರಿನಲ್ಲಿ ಶೇಕಡಾ 10, ಮರುವರ್ಷ ಶೇಕಡಾ 5ರಷ್ಟು ಏರಿಕೆಗೆ ಸರ್ಕಾರ ಹಣ ಒದಗಿಸಿತು.

ಇನ್ನು ವೈದ್ಯನಾಗಿ ಒಂದು ಮಾತು. ಮಕ್ಕಳ ಪಾಲನೆಯನ್ನು ಇಷ್ಟಪಟ್ಟು ಮಾಡುವವರಿಗೆ ನಾನು ಹೇಳಬೇಕಾದದ್ದೇನೂ ಇಲ್ಲ. ತಮ್ಮ ವೃತ್ತಿಗೆ ಮರಳಬೇಕೆಂದಿರುವವರು ಮಾತ್ರ ಮಗು ಶಾಲೆಗೆ ಸೇರಲಿ ಎಂದು ಕಾಯಬಾರದು. ವೃತ್ತಿಯಿಂದ ಮೂರು ವರ್ಷಕ್ಕಿಂತ ಹೆಚ್ಚು ದೂರವಿದ್ದ ವೈದ್ಯರನ್ನು ಮರಳಿ ಬರುವ ಯೋಜನೆ ಕೊಡಿರೆಂದು ಇಲ್ಲಿನ ವೈದ್ಯಮಂಡಳಿ ಕೇಳುತ್ತದೆ. ದಿನ ಕಳೆದಷ್ಟೂ ಆ ಯೋಜನೆ ಕಠಿಣವಾಗುತ್ತದೆ. ಪದವಿ ಕೊಟ್ಟ ಕಾಲೇಜಿನಿಂದ ದೃಢೀಕರಣ ಪಡೆಯಲು ತಗಲುವ ಕಾಲವಂತೂ ತಮಗೆಲ್ಲ ತಿಳಿದದ್ದೇ. ಬಂದ ವರ್ಷವೇ ಆ ಕಾಗದಪತ್ರಗಳನ್ನು ಹೊರತೆಗೆಯಿರಿ. ಆ ತಿಂಗಳುಗಳಲ್ಲಿ ಮಗುವನ್ನು ಎತ್ತಿಕೊಳ್ಳುವ ಸರದಿ ಗಂಡನದಾಗಲಿ. ಅರ್ಜಿಗಳ ವಿಷಯದಲ್ಲಿ ಕೇಳುವುದಿದ್ದರೆ ಊಟದ ಹೊತ್ತಿಗೆ ನಾನೂ, ಜೊತೆಗೆ ಬಂದಿರುವ ನನ್ನ ಶ್ರೀಮತಿಯವರೂ ಇಲ್ಲೇ ಇರುತ್ತೇವೆ.