ಹಿರಿಯನ ಒಂದು ಮಾತು

ಕ್ರಿಸ್ತಪೂರ್ವ 600ರ ಆಸುಪಾಸು. ಯೆಹೂದದಲ್ಲಿ ಯೆಹೋಯಾಕೀಮನ ಆಳ್ವಿಕೆ. ಪ್ರವಾದಿ ಯೆರೆಮೀಯನು ರೇಕಾಬ್ಯರೆಂಬ ಕುಲದವರನ್ನು ಜೆರೂಸಲೇಮಿನ ದೇವಾಲಯಕ್ಕೆ ಕರೆತಂದು, ದ್ರಾಕ್ಷಾರಸವನ್ನು ಮುಂದಿಟ್ಟು ಕುಡಿಯಿರೆಂದ. ಅವರು ಒಪ್ಪಲಿಲ್ಲ. ಮದ್ಯ ಕುಡಿಯಬೇಡಿ, ಮನೆ ಕಟ್ಟಬೇಡಿ, ಬಿತ್ತಬೇಡಿ, ಗುಡಾರಗಳಲ್ಲೇ ಬಾಳಿ ಎಂಬುದು ಅವರ ಪೂರ್ವಜ ಯೋನಾದಾಬನ ಅಪ್ಪಣೆಯಾಗಿತ್ತು. ಆತ ಯೇಹು ದೊರೆಯ ಕಾಲದವನು. ಎಂದರೆ ಆ ಮಾತಿಗೆ ಆಗಲೇ 200 ವರ್ಷ ದಾಟಿತ್ತು!

ಬಾಬಿಲೋನಿನ ಸೇನೆಗೆ ಹೆದರಿ ಅವರು ಆಗ ನಗರದೊಳಗೆ ಬಂದು ನೆಲೆಸಿದ್ದರು. ನೆಲೆ ಬದಲಾದರೂ ವ್ರತ ಕೆಡಲಿಲ್ಲ. ಹೆಂಗಸರು, ಮಕ್ಕಳು ಎಲ್ಲರೂ ಅದನ್ನು ಪಾಲಿಸುತ್ತಿದ್ದರು. ದೇವರ ಮಾತನ್ನೇ ಕೇಳದ ಯೆಹೂದದ ಜನಕ್ಕೆ ಯೆರೆಮೀಯನು ಇವರನ್ನು ತೋರಿಸಿದ. ಯೋನಾದಾಬನ ಸಂತತಿ ಅಳಿಯದೆಂಬ ವಾಗ್ದಾನವೂ ದೊರೆಯಿತು.

ಊರು ಬಿಟ್ಟು ಬಂದ ನಾವು ಮಕ್ಕಳಿಗೆ ಉಳಿಸಿಹೋಗುವ ಮಾತು ಯಾವುದು?