ಪದಕದಾಚೆಯ ಪ್ರಸಿದ್ಧಿ

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪಾದೊವಾ ನಗರದ ನೊವೆಲ್ಲಾ ಕಲ್ಲಿಗಾರಿಸ್ ಒಂದು ಬೆಳ್ಳಿ, ಎರಡು ಕಂಚು ಗೆದ್ದಾಗ ಆಕೆಗೆ 17 ವರ್ಷ. ಒಲಿಂಪಿಕ್ ಈಜಿನಲ್ಲಿ ಇಟಲಿಗೆ ದೊರೆತ ಮೊದಲ ಪದಕಗಳು ಅವು. ಆ ಕಾಲದಲ್ಲಿ ಈಜುಗಾರರ ಹೆಸರು ಮನೆಮಾತಾಗಲು ಪದಕ ಬೇಕಿತ್ತು. ಪತ್ರಿಕೆ, ದೂರದರ್ಶನಗಳು ಗೆದ್ದವರತ್ತಲೇ ಕಣ್ಣು ಹಾಯಿಸುತ್ತಿದ್ದವು.

ಅರ್ಧ ಶತಮಾನದ ಬಳಿಕ, 2024ರ ಜುಲೈ 29ರ ಸಂಜೆ, ಪ್ಯಾರಿಸ್ಸಿನಲ್ಲಿ ಅದೇ ವೆನೆತೊ ಪ್ರಾಂತದ ಥಾಮಸ್ ಚೆಕ್ಕೊನ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಸ್ಪರ್ಧೆಯನ್ನು 52.00 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. 2022ರಲ್ಲಿ ಬುಡಾಪೆಸ್ಟ್‌ನಲ್ಲಿ 51.60 ಸೆಕೆಂಡುಗಳ ವಿಶ್ವದಾಖಲೆ ಬರೆದವರೂ ಇವರೇ. ಆದರೆ 23ರ ಈ ತರುಣನನ್ನು ಜಾಲತಾಣಗಳು ಎತ್ತಿಕೊಂಡದ್ದು ಈ ಅಂಕಿಗಳಿಗಾಗಿ ಅಲ್ಲ. ಗೆದ್ದ ಕೂಡಲೇ ಅವರ ರೂಪದ ವರ್ಣನೆ ಹಬ್ಬಿತು. ಕೆಲವೇ ದಿನಗಳಲ್ಲಿ ಸೌದಿ ಅರೇಬಿಯಾದ ರೋಯಿಂಗ್ ಪಟು ಹುಸೇನ್ ಅಲಿರೆಝಾ ಇನ್‌ಸ್ಟಾಗ್ರಾಮಿನಲ್ಲಿ ಒಂದು ಚಿತ್ರ ಹಾಕಿದರು: ಕ್ರೀಡಾಗ್ರಾಮದ ಉದ್ಯಾನದಲ್ಲಿ, ಮರದ ನೆರಳಿನ ಹುಲ್ಲಿನ ಮೇಲೆ, ಚಾಂಪಿಯನ್ ಮಲಗಿ ನಿದ್ರಿಸುತ್ತಿದ್ದಾರೆ.

200 ಮೀಟರಿನಲ್ಲಿ ಅಂತಿಮ ಸುತ್ತು ತಲುಪದ ಚೆಕ್ಕೊನ್, ಕ್ರೀಡಾಗ್ರಾಮದ ಸೆಕೆ ಮತ್ತು ಗದ್ದಲದ ಬಗ್ಗೆ ಆಗಲೇ ದೂರಿದ್ದರು. ಇಂಧನ ಉಳಿಸಲೆಂದು ಅಲ್ಲಿನ ಕೊಠಡಿಗಳಿಗೆ ಹವಾನಿಯಂತ್ರಣದ ಬದಲು, ನೆಲದಡಿಯ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ ಮಾಡಲಾಗಿತ್ತು. ಜನ ದೂರನ್ನೂ ಚಿತ್ರವನ್ನೂ ಜೋಡಿಸಿ ಒಂದು ಕಥೆ ಕಟ್ಟಿದರು. ಚಿತ್ರದಲ್ಲಿ ನಿದ್ರೆಯಿದೆ; ನಿದ್ರೆಯ ಕಾರಣವಿಲ್ಲ. ನಾಳಿನ ಚರಿತ್ರಕಾರ ಇಂಥ ಚಿತ್ರವನ್ನು ದಾಖಲೆಯಾಗಿ ಬಳಸುವಾಗ ಈ ಅಂತರವನ್ನು ಮರೆಯಬಾರದು.

ಹಾಗೆಂದು ಹೊಸ ಪ್ರಸಿದ್ಧಿಯನ್ನು ಹಗುರವೆಂದು ತಳ್ಳಿಹಾಕುವಂತಿಲ್ಲ. ಅದೇ ಸಂಜೆ, ಅದೇ ಕೊಳದಲ್ಲಿ, ತಾರಾಂತೊ ನಗರದ 19ರ ಬೆನೆದೆತ್ತಾ ಪಿಲಾತೊ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ಕಣ್ಣೀರು ಸುರಿಸುತ್ತಲೇ ಆಕೆ, ಇದು ತನ್ನ ಬದುಕಿನ ಅತ್ಯಂತ ಸಂತಸದ ದಿನವೆಂದರು. ಕತ್ತಿವರಸೆಯ ಮಾಜಿ ಒಲಿಂಪಿಕ್ ಚಾಂಪಿಯನ್ ಒಬ್ಬರು ದೂರದರ್ಶನದಲ್ಲಿ ಆ ಮಾತನ್ನು ಹಳಿದರು. ಸೋತವರಿಗೆ ಸಂತೋಷಪಡುವ ಹಕ್ಕಿದೆಯೇ ಎಂದು ಇಟಲಿ ಚರ್ಚಿಸಿತು. ಆ ಹುಡುಗಿಯ ಪರವಾಗಿ ಅನೇಕರು ನಿಂತರು.

ಕಲ್ಲಿಗಾರಿಸ್ ಕಾಲದಲ್ಲಿ ನಾಲ್ಕನೆಯ ಸ್ಥಾನ ಫಲಿತಾಂಶದ ಪಟ್ಟಿಯ ಒಂದು ಸಾಲಾಗಿ ಉಳಿಯುತ್ತಿತ್ತು. ಈಗ ಅದಕ್ಕೂ ಮುಖ, ಮಾತು ದೊರೆತಿವೆ. ಗೆದ್ದವನ ಶ್ರಮ ಅವನ ಚೆಲುವಿನ ಹಿಂದೆ ಮರೆಯಾಗುವುದು ಈ ಪ್ರಸಿದ್ಧಿಯ ನಷ್ಟ; ಸೋತವಳ ಸಂತೋಷ ಲೋಕದ ಕಿವಿಗೆ ಬೀಳುವುದು ಅದರ ಲಾಭ. ಎರಡನ್ನೂ ಒಟ್ಟಿಗೆ ಲೆಕ್ಕಹಾಕದೆ ನಮ್ಮ ಕಾಲದ ಕ್ರೀಡಾಚರಿತ್ರೆಯನ್ನು ಬರೆಯಲಾಗದು.